ಅತ್ತೆಯ ಅಜ್ಜಿಯ ಊರು ಅಕಿಲ್

ಐರ್ಲೆಂಡಿಗೆ ಹೋಗಿದ್ದೆವು ಅಂದರೆ ಸಾಕು, "ಕ್ಲಿಫ್ಸ್ ಆಫ್ ಮೊಹರ್ ನೋಡಿದ್ರಾ?" ಅಂತ ಎಲ್ಲರೂ ಕೇಳುತ್ತಾರೆ. ಕಡಲಂಚಿನ ಆ ಪ್ರಸಿದ್ಧ ಬಂಡೆಗೋಡೆ ನೋಡಲಿಲ್ಲ. ನಾವು ಹೋದದ್ದು ಅದಕ್ಕಿಂತ ಉತ್ತರಕ್ಕೆ, ಮೇಯೊ ಕೌಂಟಿಯ ಅಕಿಲ್ ದ್ವೀಪಕ್ಕೆ. ನನ್ನ ಗಂಡನ ಮನೆಯವರು ಅಮೆರಿಕದ ಕ್ಲೀವ್‌ಲ್ಯಾಂಡಿನವರು. ಅಲ್ಲಿನ ಐರಿಶ್ ಮನೆತನಗಳನ್ನು ಸ್ವಲ್ಪ ಕೆದಕಿದರೆ ಬೇರು ಅಕಿಲ್‌ನಲ್ಲಿ ಸಿಗುವುದು ಮಾಮೂಲು. ಒಬ್ಬ ಹೋಗಿ ಕೆಲಸ ಹಿಡಿದು ತಮ್ಮನಿಗೆ ಟಿಕೆಟ್ ಕಳಿಸಿದ, ತಮ್ಮ ತಂಗಿಯನ್ನು ಕರೆಸಿಕೊಂಡ. ಹೀಗೇ ಮನೆಮನೆಯಿಂದ ಜನ ಹೊರಟರು. ಅತ್ತೆಗೆ ತನ್ನ ಅಜ್ಜಿ ಹುಟ್ಟಿದ ಮನೆ ನೋಡಬೇಕಿತ್ತು.

ಹೊರಡುವ ಮೊದಲೇ ಅಜ್ಜಿ 1901ರ ಜನಗಣತಿಯಲ್ಲಿ ಸಿಕ್ಕಿದ್ದಳು. 1901 ಮತ್ತು 1911ರ ಗಣತಿ ಪತ್ರಗಳನ್ನು ಐರ್ಲೆಂಡಿನ ನ್ಯಾಷನಲ್ ಆರ್ಕೈವ್ಸ್ ಪುಕ್ಕಟೆಯಾಗಿ ಆನ್‌ಲೈನ್‌ನಲ್ಲಿ ಇಟ್ಟಿದೆ. ಯಾರಿಗೆ ಓದಲು ಬರುತ್ತದೆ, ಯಾರು ಐರಿಶ್ ಮಾತಾಡುತ್ತಾರೆ, ಗೋಡೆ ಎಂಥದ್ದು, ಮುಂಭಾಗದಲ್ಲಿ ಕಿಟಕಿ ಎಷ್ಟು, ಎಲ್ಲವೂ ಇದೆ. ಅಜ್ಜಿಯ ಮನೆಗೆ ಕಲ್ಲಿನ ಗೋಡೆ, ಹುಲ್ಲಿನ ಮಾಡು, ಎರಡು ಕಿಟಕಿ. ನಮ್ಮ ಮನೆಯಲ್ಲಿ ನನ್ನ ಮುತ್ತಜ್ಜಿಯ ಹೆಸರೇ ಯಾರಿಗೂ ಸರಿಯಾಗಿ ನೆನಪಿಲ್ಲ! ಆದರೆ 1901ಕ್ಕಿಂತ ಹಿಂದೆ ಹೋದರೆ ಇಲ್ಲೂ ಕತ್ತಲೆ. 1821ರಿಂದ 1851ರವರೆಗಿನ ಗಣತಿಯ ಬಹುಪಾಲು 1922ರಲ್ಲಿ ಡಬ್ಲಿನ್ನಿನ ಫೋರ್ ಕೋರ್ಟ್ಸ್ ದಾಖಲೆ ಕಚೇರಿಯ ಬೆಂಕಿಯಲ್ಲಿ ಹೋಯಿತು. ಅದರ ನಂತರದವನ್ನು ಸರ್ಕಾರವೇ ಅದಕ್ಕೂ ಮೊದಲು ನಾಶಮಾಡಿತ್ತು.

ವೆಸ್ಟ್‌ಪೋರ್ಟ್‌ನಿಂದ ಕಾರಿನಲ್ಲಿ ಹೊರಟೆವು. ಎಡಕ್ಕೆ ಕ್ಲೂ ಬೇ, ತುಂಬಾ ಪುಟ್ಟ ಪುಟ್ಟ ದ್ವೀಪಗಳು. ಆಚೆ ದಡದಲ್ಲಿ 764 ಮೀಟರಿನ ಕ್ರೋ ಪ್ಯಾಟ್ರಿಕ್ ಬೆಟ್ಟ. ಮಳೆ ಬಂತು, ನಿಂತಿತು, ಮತ್ತೆ ಬಂತು. ಸೇತುವೆ ದಾಟಿದರೆ ಅಕಿಲ್. ಎಡಕ್ಕೆ ತಿರುಗಿ ಅಟ್ಲಾಂಟಿಕ್ ಡ್ರೈವ್ ಹಿಡಿದೆವು. ಒಂದೇ ಕಾರಿಗೆ ಸಾಲುವ ರಸ್ತೆ, ನಡುವೆ ಕುರಿಗಳು. ಕೆಳಗೆ ಅಲೆ ಬಂಡೆಗೆ ಬಡಿದು ನೊರೆ ರಸ್ತೆಯ ಹತ್ತಿರ ಹಾರುತ್ತದೆ.

ಜಾಸ್ತಿ ಹೊತ್ತು ನಿಂತದ್ದು ಮಾತ್ರ ಕಿಲ್‌ಡ್ಯಾವ್ನೆಟ್ ಸ್ಮಶಾನದಲ್ಲಿ. ಪಕ್ಕದಲ್ಲೇ ಕಡಲ ರಾಣಿ ಗ್ರೇಸ್ ಓಮ್ಯಾಲಿಯ ಗೋಪುರವಿದೆ. ಪ್ರವಾಸಿಗಳು ಅದರ ಫೋಟೋ ತೆಗೆದು ಹೊರಟುಬಿಡುತ್ತಾರೆ. ಇಲ್ಲಿನ ಬಡವರು ಪ್ರತಿ ಬೇಸಿಗೆ ಸ್ಕಾಟ್ಲೆಂಡಿಗೆ ಆಲೂಗೆಡ್ಡೆ ಕೀಳುವ ಕೂಲಿಗೆ ಹೋಗುತ್ತಿದ್ದರು. 1894ರ ಜೂನ್‌ನಲ್ಲಿ ಹಾಗೆ ಹೊರಟ ದೋಣಿಯೊಂದು ವೆಸ್ಟ್‌ಪೋರ್ಟ್ ಬಳಿ ಮಗುಚಿತು. ತಮ್ಮನ್ನು ಕರೆದೊಯ್ಯಲಿದ್ದ ದೊಡ್ಡ ಹಡಗನ್ನು ನೋಡಲು ಹುಡುಗ ಹುಡುಗಿಯರೆಲ್ಲ ಒಂದೇ ಕಡೆಗೆ ನುಗ್ಗಿದ್ದರಂತೆ. 32 ಜನ ಸತ್ತರು. ಅಕಿಲ್ ರೈಲುಮಾರ್ಗ ಇನ್ನೂ ಸರಿಯಾಗಿ ಶುರುವಾಗಿರಲಿಲ್ಲ, ಅದರ ಮೇಲೆ ಬಂದ ಮೊದಲ ರೈಲು ಹೊತ್ತು ತಂದದ್ದು ಈ ಹೆಣಗಳನ್ನು. 1937ರಲ್ಲಿ ಸ್ಕಾಟ್ಲೆಂಡಿನ ಕರ್ಕಿಂಟಿಲಾಕ್‌ನಲ್ಲಿ ಕೂಲಿಯವರು ಮಲಗಿದ್ದ ಕೊಟ್ಟಿಗೆಗೆ ಬೆಂಕಿ ಬಿದ್ದು ಅಕಿಲ್‌ನ 10 ಹುಡುಗರು ಸತ್ತರು. ಮಾರ್ಗ ಮುಚ್ಚುವ ಹೊತ್ತಿಗೆ ಅವರೂ ಅದೇ ರೈಲಿನಲ್ಲಿ ಬಂದರು. ಇಬ್ಬರನ್ನೂ, ಅಂದರೆ ದೋಣಿಯವರನ್ನೂ ಈ ಹುಡುಗರನ್ನೂ, ಹೂತದ್ದು ಇದೇ ಸ್ಮಶಾನದಲ್ಲಿ. ಇದನ್ನೆಲ್ಲ ಮೊದಲೇ ಒಬ್ಬ ಕಾಲಜ್ಞಾನಿ ಹೇಳಿದ್ದ ಅಂತ ಊರವರ ನಂಬಿಕೆ. ನನಗೆ ಭವಿಷ್ಯವಾಣಿಗಿಂತ ಜಾಸ್ತಿ ಕಾಡಿದ್ದು ಆ ಎರಡು ವರ್ಷಗಳ ನಡುವಿನ ಅಂತರ. 43 ವರ್ಷ ಕಳೆದರೂ ಅದೇ ಕೂಲಿ, ಅದೇ ದಾರಿ. ಅಮೆರಿಕಕ್ಕೆ ಯಾಕೆ ಹೋದರು ಅಂತ ಆಮೇಲೆ ನಾನು ಕೇಳಲಿಲ್ಲ.

ಸ್ಲೀವ್‌ಮೋರ್ ಬೆಟ್ಟದ ಬುಡದಲ್ಲಿ ಯಾರೂ ಇಲ್ಲದ ಊರೊಂದಿದೆ. ಮಾಡಿಲ್ಲದ ಕಲ್ಲುಮನೆಗಳು ಸಾಲಾಗಿ ನಿಂತಿವೆ. ಸುತ್ತ ಹಳೇ ಆಲೂಗೆಡ್ಡೆ ಪಾತಿಗಳು, ಬಾಚಣಿಗೆಯಲ್ಲಿ ಬಾಚಿದ ಹಾಗೆ, ಹುಲ್ಲಿನಡಿ ಇವತ್ತಿಗೂ ಕಾಣುತ್ತವೆ. ಕೀಮ್ ಬೀಚ್ ಬಗ್ಗೆ ಹೇಳುವುದೇ ಬೇಡ, ನೀವೇ ಹೋಗಿ ನೋಡಿ. ನೀರು ಮಾತ್ರ ಮಂಜುಗಡ್ಡೆ.

ಮನೆ ಸಿಕ್ಕಿತಾ? ಗಣತಿ ಪತ್ರದಲ್ಲಿದ್ದದ್ದು ಊರಿನ ಹೆಸರು, ದಾರಿ ಅಲ್ಲ. ಮರುದಿನ ಬೆಳಿಗ್ಗೆ ಅಂಗಡಿಯೊಂದರಲ್ಲಿ ಹಾಲು ಕೊಳ್ಳುತ್ತಿದ್ದ ಮುದುಕರೊಬ್ಬರ ಹತ್ತಿರ ಅತ್ತೆ ಮನೆತನದ ಹೆಸರು ಹೇಳಿದರು. "ಯಾವ ಕವಲು?" ಅಂದರು ಅವರು. ಅಪ್ಪನ ಹೆಸರು, ಅಜ್ಜನ ಹೆಸರು, ಅಡ್ಡಹೆಸರು ಎಲ್ಲ ಆದ ಮೇಲೆ ಕೈ ಎತ್ತಿ ತೋರಿಸಿದರು. ಕುರಿದೊಡ್ಡಿಯಾಗಿರುವ ಕಲ್ಲುಗೋಡೆ. ಎರಡು ಕಿಟಕಿಗಳಲ್ಲಿ ಒಂದನ್ನು ಕಲ್ಲಿಟ್ಟು ಮುಚ್ಚಿದ್ದಾರೆ. ಅತ್ತೆ ಒಳಗೆ ಹೋಗಿ ಬಂದರು, ಏನೂ ಮಾತಾಡಲಿಲ್ಲ.

ಮುದುಕರು ಅಷ್ಟಕ್ಕೇ ಬಿಡಲಿಲ್ಲ. ಅದೇ ಮನೆಯ ಇನ್ನೊಂದು ಕವಲು ಕ್ಲೀವ್‌ಲ್ಯಾಂಡಿನಲ್ಲೇ ಇದೆ ಅಂತ ಹೇಳಿ ಬೀದಿಯ ಹೆಸರನ್ನೂ ಕೊಟ್ಟರು. ಅತ್ತೆ ಪ್ರತಿ ಭಾನುವಾರ ಚರ್ಚಿನಲ್ಲಿ ಮಾತಾಡಿಸುವ ಹೆಂಗಸು! ಅಲ್ಲಿಂದಲೇ ಆಕೆಗೆ ಫೋನ್ ಹಚ್ಚಿದರು. ಕ್ಲೀವ್‌ಲ್ಯಾಂಡಿನಲ್ಲಿ ಆಗ ಬೆಳಗಿನ ಜಾವ ಐದು ಗಂಟೆ.