ಗ್ಲವ್‌ಗೆ ಚಿನ್ನ, ಬ್ಯಾಟ್‌ಗೆ ಕೋಟಿ

ಬೇಸ್‌ಬಾಲ್‌ನಲ್ಲಿ ಪ್ರತಿ ಸ್ಥಾನದ ಅತ್ಯುತ್ತಮ ಫೀಲ್ಡರ್‌ಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿ ಪ್ಯಾಟ್ರಿಕ್ ಬೇಲಿಗೆ ಈ ಸಲವೂ ಬಂತು. 2024ರಲ್ಲಿ ಒಂದು, 2025ರಲ್ಲಿ ಮತ್ತೊಂದು. ನವೆಂಬರ್ ಮೊದಲ ವಾರ ಪಟ್ಟಿ ಹೊರಬಿದ್ದಾಗ ನ್ಯಾಷನಲ್ ಲೀಗ್ (ಮೇಜರ್ ಲೀಗ್‌ನ ಎರಡು ಗುಂಪುಗಳಲ್ಲಿ ಒಂದು) ಕ್ಯಾಚರ್, ಅಂದರೆ ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವವನು, ಅಂತ ಅವನ ಹೆಸರು ನೋಡಿ ನನಗಾದ ಖುಷಿ ಅಷ್ಟಿಷ್ಟಲ್ಲ. ನಾವಿರುವುದು ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ, ನಮ್ಮ ತಂಡ ಜೈಂಟ್ಸ್. 2025ರಲ್ಲಿ 81 ಗೆದ್ದು 81 ಸೋತು ಮನೆಗೆ ಬಂದ ತಂಡಕ್ಕೆ ಸಿಕ್ಕ ನೆಮ್ಮದಿಗಳಲ್ಲಿ ಇದೂ ಒಂದು.

ಆದರೆ ಬೇಲಿ ಹೆಸರು ತೆಗೆದರೆ ಇಲ್ಲಿನ ಜನ ಏನು ನೆನಪಿಸಿಕೊಳ್ಳುತ್ತಾರೆ ಗೊತ್ತಾ? ಜುಲೈ 8ರ ರಾತ್ರಿ ಫಿಲಡೆಲ್ಫಿಯಾ ವಿರುದ್ಧ ಹೊಡೆದ ಆ ಹೊಡೆತ. ಒಂಬತ್ತನೇ ಇನ್ನಿಂಗ್ಸ್, ಚೆಂಡು ಗೋಡೆಗೆ ಬಡಿದು ಎತ್ತಲೋ ಹೋಯಿತು, ಇವನು ಮೈದಾನ ಪೂರ್ತಿ ಸುತ್ತಿ ಬಂದ, ಜೈಂಟ್ಸ್ 4-3ಕ್ಕೆ ಗೆದ್ದಿತು. ಚೆಂಡು ಹೊರಗೆ ಹೋಗದೆಯೇ ಹೋಮ್ ರನ್. ನನ್ನ ಗಂಡ ಇವತ್ತಿಗೂ ಅದರ ವಿಡಿಯೋ ಹಾಕಿಕೊಂಡು ನೋಡುತ್ತಾನೆ. ಚಂದವೇ, ಇಲ್ಲ ಅನ್ನುವುದಿಲ್ಲ. ಆದರೆ ಬೇಲಿ ಪ್ರತಿ ರಾತ್ರಿ ಮಾಡುವ ಕೆಲಸ ಅದಲ್ಲ.

ಅವನ ನಿಜವಾದ ಕೆಲಸ ನೋಡಬೇಕಾದರೆ ಬ್ಯಾಟರ್ ಕಡೆ ನೋಡುವುದನ್ನು ಬಿಡಬೇಕು. ಬೇಲಿ ಒಂದು ಮೊಣಕಾಲು ನೆಲಕ್ಕೂರಿ ಕೂರುತ್ತಾನೆ. ಗ್ಲವ್ ಮಣ್ಣಿಗೆ ತಾಗುವಷ್ಟು ಕೆಳಗಿರುತ್ತದೆ. ಪಿಚರ್ (ಚೆಂಡು ಎಸೆಯುವವನು) ಲೋಗನ್ ವೆಬ್ ಎಸೆದ ಸಿಂಕರ್, ಅಂದರೆ ಕೆಳಕ್ಕೆ ಇಳಿಯುವ ಚೆಂಡು, ಸ್ಟ್ರೈಕ್ ಜೋನಿನ (ಚೆಂಡು ಸರಿಯಾಗಿ ಬಂತು ಅಂತ ಎಣಿಸುವ ಚೌಕದ) ಕೆಳ ಅಂಚಿಗೆ ಬರುತ್ತದೆ, ಒಂದು ಕೂದಲಷ್ಟು ಹೊರಗೇ ಇರಬಹುದು. ಗ್ಲವ್ ಕೆಳಗಿನಿಂದ ಮೇಲಕ್ಕೆ ಬಂದು ಚೆಂಡನ್ನು ಕಚ್ಚಿಕೊಳ್ಳುತ್ತದೆ, ಆಮೇಲೆ ಅಲುಗಾಡುವುದೇ ಇಲ್ಲ. ಎಳೆದಂತೆ ಕಾಣುವುದಿಲ್ಲ. ಅಲ್ಲಿಗೇ ಬಂದಿತ್ತೇನೋ ಅನ್ನಿಸುತ್ತದೆ. ಅಂಪೈರ್ ಕೈ ಎತ್ತುತ್ತಾರೆ: ಸ್ಟ್ರೈಕ್ (ಮೂರಾದರೆ ಬ್ಯಾಟರ್ ಔಟ್). ಇದನ್ನು ಫ್ರೇಮಿಂಗ್ ಅಂತಾರೆ. ಒಂದು ಪಂದ್ಯದಲ್ಲಿ ಇಂಥ ಎರಡು ಮೂರು ಚೆಂಡು ತಿರುಗಿದರೆ ಸಾಕು, ಪಿಚರ್‌ಗೆ ಇಡೀ ಇನ್ನಿಂಗ್ಸ್ ಹಗುರಾಗುತ್ತದೆ. ಕ್ಯಾಮೆರಾ ಇಟ್ಟು ಆಟ ಅಳೆಯುವ ಸ್ಟ್ಯಾಟ್‌ಕಾಸ್ಟ್‌ನವರ ಫ್ರೇಮಿಂಗ್ ಪಟ್ಟಿಯಲ್ಲಿ ಎರಡೂ ವರ್ಷ ಬೇಲಿಯೇ ಮೊದಲು.

ಈಗ ದುಡ್ಡಿನ ವಿಷಯಕ್ಕೆ ಬರೋಣ. ಆಫ್‌ಸೀಸನ್ ಅಂದರೆ ಅದೇ ತಾನೆ.

ಮೇಜರ್ ಲೀಗ್‌ಗೆ ಬಂದ ಹುಡುಗ ಸಾಮಾನ್ಯವಾಗಿ ಮೊದಲ ಮೂರು ವರ್ಷ ಕನಿಷ್ಠ ಸಂಬಳದ ಆಸುಪಾಸಿನಲ್ಲೇ ಆಡಬೇಕು. 2025ರಲ್ಲಿ ಅದು 7.6 ಲಕ್ಷ ಡಾಲರ್. ಆಮೇಲೆ ಮೂರು ವರ್ಷ ಆರ್ಬಿಟ್ರೇಷನ್, ಅಂದರೆ ಸಂಬಳದ ಬಗ್ಗೆ ಒಮ್ಮತ ಬರದಿದ್ದರೆ ಮಧ್ಯಸ್ಥರು ತೀರ್ಮಾನಿಸುವುದು. ಆರು ವರ್ಷ ತುಂಬಿದ ಮೇಲೇ ಫ್ರೀ ಏಜೆಂಟ್ ಆಗಿ ಬೇಕಾದ ತಂಡದ ಜೊತೆ ಮಾತಾಡುವ ಹಕ್ಕು. ಬೇಲಿ ಎರಡೂ ಗೋಲ್ಡ್ ಗ್ಲವ್ ಗೆದ್ದದ್ದು ಆ ಮೊದಲ ಹಂತದಲ್ಲೇ. ಇಷ್ಟು ಚೆನ್ನಾಗಿ ಆಡಿದವರಿಗೆ ಇಷ್ಟು ಕಮ್ಮಿ ಸಿಗುವುದು ಸರಿಯಲ್ಲ ಅಂತ 2022ರ ಒಪ್ಪಂದದಲ್ಲಿ ಆಟಗಾರರ ಸಂಘ ಹೋರಾಡಿ ಒಂದು ಬೋನಸ್ ನಿಧಿ ಮಾಡಿಸಿತು. ವರ್ಷಕ್ಕೆ 5 ಕೋಟಿ ಡಾಲರ್, ಇನ್ನೂ ಆರ್ಬಿಟ್ರೇಷನ್‌ಗೆ ಬರದ ಆಟಗಾರರಿಗೆ ಹಂಚುವುದಕ್ಕೆ. ಒಳ್ಳೆಯ ಕೆಲಸ. ಎಂವಿಪಿ (ವರ್ಷದ ಅತ್ಯಮೂಲ್ಯ ಆಟಗಾರ) ಆದರೆ ಅಥವಾ ಸೈ ಯಂಗ್ (ಅತ್ಯುತ್ತಮ ಪಿಚರ್‌ನ ಪ್ರಶಸ್ತಿ) ಗೆದ್ದರೆ 25 ಲಕ್ಷ. ವರ್ಷದ ಹೊಸ ಆಟಗಾರ ಆದರೆ 7.5 ಲಕ್ಷ. ವರ್ಷದ ಅತ್ಯುತ್ತಮರನ್ನು ಆರಿಸುವ ಆಲ್-ಎಂಎಲ್‌ಬಿ ತಂಡಕ್ಕೆ ಆಯ್ಕೆಯಾದರೆ ಅದಕ್ಕೂ ಇದೆ.

ಗೋಲ್ಡ್ ಗ್ಲವ್? ಆ ಪಟ್ಟಿಯಲ್ಲಿ ಇಲ್ಲವೇ ಇಲ್ಲ.

ಪ್ರಶಸ್ತಿ ಹಂಚಿ ಉಳಿದ ದುಡ್ಡನ್ನು ಒಂದು ಲೆಕ್ಕದ ಸೂತ್ರದ ಮೇಲೆ ಕೊಡುತ್ತಾರೆ, ಅದರಲ್ಲಿ ಫೀಲ್ಡಿಂಗ್‌ಗೂ ಪಾಲಿದೆ, ನಿಜ. ಆದರೂ 1957ರಿಂದ ಕೊಡುತ್ತಿರುವ ಪ್ರಶಸ್ತಿಗೆ ಆ ಪಟ್ಟಿಯಲ್ಲಿ ಒಂದು ಸಾಲು ಸಿಗಲಿಲ್ಲ ಅಂದರೆ ನನಗೆ ಬೇಜಾರಾಗುತ್ತದೆ. ದೊಡ್ಡ ಆಟಗಾರರ ಒಪ್ಪಂದಗಳಲ್ಲಿ ಗೋಲ್ಡ್ ಗ್ಲವ್ ಗೆದ್ದರೆ 50 ಸಾವಿರ ಡಾಲರ್ ಅಂತ ಒಂದು ಸಾಲು ಇರುವುದುಂಟು. ಕೋಟಿಗಟ್ಟಲೆ ಬರುವ ಕಡೆ ಅದು ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಗ್ಲವ್‌ಗೆ ಮಾರುಕಟ್ಟೆ ಎಷ್ಟು ಬೆಲೆ ಕಟ್ಟುತ್ತದೆ ಅಂತ ನನಗೆ ಸರಿಯಾಗಿ ತಿಳಿದದ್ದು ಥರ್ಡ್ ಬೇಸ್ ಕಾಯುವ ಮ್ಯಾಟ್ ಚಾಪ್‌ಮನ್‌ನಿಂದ. ಅವನನ್ನು ಓಕ್‌ಲ್ಯಾಂಡ್‌ನಲ್ಲಿದ್ದಾಗಿನಿಂದ ನೋಡುತ್ತಾ ಬಂದಿದ್ದೇನೆ. ಅಲ್ಲಿನ ಕೊಲಿಸಿಯಂ ಹಳೇ ಮೈದಾನ, ಬೇರೆಲ್ಲೂ ಇಲ್ಲದಷ್ಟು ದೊಡ್ಡ ಫೌಲ್ ಜಾಗ, ಅಂದರೆ ಆಟದ ಗೆರೆಯ ಹೊರಗಿನ ಜಾಗ. ಬೇರೆ ಕಡೆ ಪ್ರೇಕ್ಷಕರ ಮಡಿಲಿಗೆ ಬೀಳುವ ಚೆಂಡು ಇಲ್ಲಿ ಮೈದಾನದೊಳಗೇ ಬೀಳುತ್ತಿತ್ತು. ಥರ್ಡ್ ಬೇಸ್‌ನಿಂದ ಚಾಪ್‌ಮನ್ ತಿರುಗಿ, ಚೆಂಡಿಗೆ ಬೆನ್ನು ಹಾಕಿ ಓಡುತ್ತಿದ್ದ. ಓಡುತ್ತಾ ಓಡುತ್ತಾ ಟಾರ್ಪ್ ಸುತ್ತಿಟ್ಟ ಜಾಗದ ಹತ್ತಿರ ಹೋಗಿ, ಹೆಗಲ ಮೇಲಿಂದ ಒಮ್ಮೆ ನೋಡಿ, ಕೈ ಚಾಚಿ ಹಿಡಿಯುತ್ತಿದ್ದ. ನಮ್ಮ ಸೀಟಿನ ಹಿಂದೆ ಕೂತಿದ್ದ ವಯಸ್ಸಾದವರೊಬ್ಬರು ಪ್ರತಿ ಸಲವೂ ಎದ್ದು ನಿಲ್ಲುತ್ತಿದ್ದರು. ಚಪ್ಪಾಳೆ ಇಲ್ಲ, ಕೂಗು ಇಲ್ಲ, ಸುಮ್ನೆ ಎದ್ದು ನಿಂತು ಕೂರುತ್ತಿದ್ದರು. 2018ರಲ್ಲಿ, 2019ರಲ್ಲಿ ಅವನಿಗೆ ಗೋಲ್ಡ್ ಜೊತೆ ಪ್ಲಾಟಿನಂ ಗ್ಲವ್ ಕೂಡ ಬಂತು. ಪ್ಲಾಟಿನಂ ಅಂದರೆ ಲೀಗ್‌ನಲ್ಲಿ ಗೋಲ್ಡ್ ಗೆದ್ದವರಲ್ಲೆಲ್ಲ ಒಬ್ಬನಿಗೆ ಮಾತ್ರ.

2023ರಲ್ಲಿ ಚಾಪ್‌ಮನ್ ಟೊರಾಂಟೋದಲ್ಲಿದ್ದ. ನಾಲ್ಕನೇ ಗೋಲ್ಡ್ ಗ್ಲವ್ ಗೆದ್ದ, ಆ ಚಳಿಗಾಲವೇ ಫ್ರೀ ಏಜೆಂಟ್ ಆದ. ಆದರೆ ಆ ವರ್ಷ ಬ್ಯಾಟಿಂಗ್ ಸರಾಸರಿ .240, ಹೋಮ್ ರನ್ 17. ಟೊರಾಂಟೋ ಕ್ವಾಲಿಫೈಯಿಂಗ್ ಆಫರ್ ಕೊಟ್ಟಿತ್ತು, ಅಂದರೆ ಒಂದು ವರ್ಷಕ್ಕೆ ನಿಗದಿತ ಸಂಬಳ. ಅವನು ಬೇಡ ಅಂದ. ಹಾಗೆ ಬೇಡ ಅಂದವನನ್ನು ತೆಗೆದುಕೊಳ್ಳುವ ತಂಡ ಹೊಸ ಹುಡುಗರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಒಂದು ಆಯ್ಕೆ ಕಳೆದುಕೊಳ್ಳುತ್ತದೆ. ಡಿಸೆಂಬರ್ ಹೋಯಿತು, ಜನವರಿ ಹೋಯಿತು, ಫೆಬ್ರವರಿಯಲ್ಲಿ ಸ್ಪ್ರಿಂಗ್ ಟ್ರೇನಿಂಗ್ ಶುರುವಾಯಿತು. ದೇಶದ ಅತ್ಯುತ್ತಮ ಥರ್ಡ್ ಬೇಸ್ ಫೀಲ್ಡರ್‌ಗೆ ತಂಡವೇ ಇಲ್ಲ! ಕೊನೆಗೆ ಮಾರ್ಚ್‌ನಲ್ಲಿ ಜೈಂಟ್ಸ್ ಕರೆಯಿತು. ಮೂರು ವರ್ಷಕ್ಕೆ 5.4 ಕೋಟಿ ಡಾಲರ್, ನಡುವೆ ಬಿಟ್ಟು ಹೋಗುವ ಅವಕಾಶ ಅವನ ಕೈಯಲ್ಲಿ.

ಆರೇ ತಿಂಗಳು. 2024ರ ಸೆಪ್ಟೆಂಬರ್‌ನಲ್ಲಿ ಅದೇ ಜೈಂಟ್ಸ್ ಅದೇ ಚಾಪ್‌ಮನ್‌ಗೆ ಆರು ವರ್ಷಕ್ಕೆ 15.1 ಕೋಟಿ ಕೊಟ್ಟಿತು. ಏನು ಬದಲಾಗಿತ್ತು? ಗ್ಲವ್ ಹಿಂದಿನಂತೆಯೇ ಇತ್ತು, ಆ ವರ್ಷವೂ ಗೋಲ್ಡ್ ಬಂತು. ಬದಲಾದದ್ದು ಬ್ಯಾಟ್. ವರ್ಷದ ಕೊನೆಗೆ 27 ಹೋಮ್ ರನ್. ಅಷ್ಟೇ.

ಇನ್ನೊಂದು ಸಂಗತಿ ಇದೆ, ಇದನ್ನು ಹೇಳದೆ ಇರಲಾರೆ. ಕ್ಯಾಲಿಫೋರ್ನಿಯಾದ ಲೇಕ್ ಫಾರೆಸ್ಟ್‌ನಲ್ಲಿ ಎಲ್ ಟೋರೋ ಅಂತ ಒಂದು ಹೈಸ್ಕೂಲ್. ಚಾಪ್‌ಮನ್ ಓದಿದ್ದು ಅಲ್ಲಿ. ಅವನಿಗಿಂತ ಎರಡು ವರ್ಷ ಮುಂದೆ ಅದೇ ಶಾಲೆಯಲ್ಲಿ ಓದಿದವನು ನೋಲನ್ ಅರೆನಾಡೋ. 2013ರಿಂದ 2022ರವರೆಗೆ ಸತತ ಹತ್ತು ವರ್ಷ ಥರ್ಡ್ ಬೇಸ್‌ನ ಗೋಲ್ಡ್ ಗ್ಲವ್ ಗೆದ್ದವನು. ಒಂದೇ ಶಾಲೆಯ ಮೈದಾನದಿಂದ ಇಂಥ ಇಬ್ಬರು! ಅರೆನಾಡೋಗೆ 2019ರಲ್ಲಿ ಕೊಲೊರಾಡೋ ಎಂಟು ವರ್ಷಕ್ಕೆ 26 ಕೋಟಿ ಬರೆದುಕೊಟ್ಟಿತು. ಅವನು ಗ್ಲವ್ ಜೊತೆಗೆ ಹೋಮ್ ರನ್ನನ್ನೂ ಸರಾಗವಾಗಿ ಹೊಡೆಯುತ್ತಿದ್ದ.

ತಂಡಗಳ ಕಡೆಯ ವಾದವೂ ನನಗೆ ಅರ್ಥವಾಗುತ್ತದೆ. ಕಾಲಿನ ವೇಗ ಮೊದಲು ಹೋಗುತ್ತದೆ, ಬ್ಯಾಟಿನ ಬಲ ಆಮೇಲೆ. ಮೂವತ್ತು ದಾಟಿದ ಸೆಂಟರ್ ಫೀಲ್ಡರ್‌ಗೆ ಆರು ವರ್ಷ ಬರೆದುಕೊಟ್ಟರೆ ಕೊನೆಯ ಮೂರು ವರ್ಷ ಅವನು ಎಲ್ಲಿ ನಿಲ್ಲಬೇಕು? ಕೆವಿನ್ ಕೀರ್ಮೈಯರ್ 2023ರಲ್ಲಿ ನಾಲ್ಕನೇ ಗೋಲ್ಡ್ ಗ್ಲವ್ ಗೆದ್ದ. ಆಮೇಲೆ ಸಿಕ್ಕಿದ್ದು ಒಂದೇ ವರ್ಷದ ಒಪ್ಪಂದ, 1.05 ಕೋಟಿ. ಅತ್ತ ಹ್ವಾನ್ ಸೋಟೋಗೆ 2024ರ ಡಿಸೆಂಬರ್‌ನಲ್ಲಿ ಮೆಟ್ಸ್ 15 ವರ್ಷಕ್ಕೆ 76.5 ಕೋಟಿ ಕೊಟ್ಟಿತು. ಸೋಟೋ ಅದ್ಭುತ ಬ್ಯಾಟರ್, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟು ಅಂತರ ಬೇಕಾ ಅನ್ನುವುದೇ ನನ್ನ ಪ್ರಶ್ನೆ. ಉಳಿಸಿದ ರನ್ನೂ ಒಂದು ರನ್ನೇ ಅಲ್ವಾ?

ಫೀಲ್ಡಿಂಗ್ ಅಳೆಯುವುದು ಕಷ್ಟ ಅನ್ನುವ ಮಾತು ಹಿಂದೆ ನಿಜವಿತ್ತು. ಗೋಲ್ಡ್ ಗ್ಲವ್‌ಗೆ ಮತ ಹಾಕುವವರು ಮ್ಯಾನೇಜರ್‌ಗಳು ಮತ್ತು ಕೋಚ್‌ಗಳು. ತಮ್ಮ ತಂಡದವರಿಗೆ ಹಾಕುವ ಹಾಗಿಲ್ಲ. 1999ರಲ್ಲಿ ಅವರೆಲ್ಲ ಸೇರಿ ಟೆಕ್ಸಸ್‌ನ ರಫೇಲ್ ಪಾಲ್ಮೇರೋಗೆ ಫಸ್ಟ್ ಬೇಸ್‌ನ ಗೋಲ್ಡ್ ಗ್ಲವ್ ಕೊಟ್ಟರು. ಆ ವರ್ಷ ಅವನು ಫಸ್ಟ್ ಬೇಸ್‌ನಲ್ಲಿ ನಿಂತದ್ದು ಬರೀ 28 ಪಂದ್ಯ! ಉಳಿದದ್ದೆಲ್ಲ ಬ್ಯಾಟಿಂಗ್ ಮಾತ್ರ. ಬ್ಯಾಟ್ ಜೋರಿತ್ತು, ಹಳೇ ಹೆಸರಿತ್ತು, ಕೈ ಅಭ್ಯಾಸಬಲದಿಂದ ಅಲ್ಲೇ ಗುರುತು ಹಾಕಿತು. ಗ್ಲವ್‌ನ ಪ್ರಶಸ್ತಿಯನ್ನೂ ಬ್ಯಾಟೇ ಎತ್ತಿಕೊಂಡು ಹೋದ ಕಥೆ ಇದು. ಅವತ್ತು ಪಂದ್ಯ ಪಂದ್ಯವೂ ಫಸ್ಟ್ ಬೇಸ್ ಕಾಯ್ದವರಿಗೆ ಹೇಗಾಗಿರಬೇಡ?

ಈಗ ಹಾಗಿಲ್ಲ. 2013ರಿಂದ ಅಂಕಿಅಂಶಕ್ಕೆ ಕಾಲು ಭಾಗ ತೂಕ ಕೊಡುತ್ತಾರೆ. ಸ್ಟ್ಯಾಟ್‌ಕಾಸ್ಟ್ ಕ್ಯಾಮೆರಾಗಳು 2015ರಿಂದ ಪ್ರತಿ ಮೈದಾನದಲ್ಲೂ ಇವೆ. ಫೀಲ್ಡರ್ ಎಷ್ಟು ದೂರ ಓಡಿದ, ಅವನಿಗೆ ಎಷ್ಟು ಸೆಕೆಂಡ್ ಇತ್ತು, ಆ ಕ್ಯಾಚ್ ಸಿಗುವ ಸಾಧ್ಯತೆ ಎಷ್ಟಿತ್ತು, ಎಲ್ಲಾ ಸಿಗುತ್ತದೆ. ಅಳತೆ ಬಂತು, ಬೆಲೆ ಮಾತ್ರ ಆ ವೇಗದಲ್ಲಿ ಬರಲಿಲ್ಲ.

ನನ್ನನ್ನು ಜಾಸ್ತಿ ಕಾಡುವುದು ಬೇರೆ. ಈ ಫ್ರೀ ಏಜೆನ್ಸಿ, ಈ ಕೋಟಿಗಳ ಮಾತುಕತೆ, ಇದೆಲ್ಲದರ ಬಾಗಿಲು ತಟ್ಟಿದ್ದು ಒಬ್ಬ ಗ್ಲವ್‌ನ ಮನುಷ್ಯ: ಕರ್ಟ್ ಫ್ಲಡ್. ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ ಸೆಂಟರ್ ಫೀಲ್ಡರ್. 1963ರಿಂದ 1969ರವರೆಗೆ ಏಳು ವರ್ಷ, ಏಳು ಗೋಲ್ಡ್ ಗ್ಲವ್. 1966ರ ಇಡೀ ಸೀಸನ್‌ನಲ್ಲಿ ಒಂದೇ ಒಂದು ಎರರ್ ಮಾಡಲಿಲ್ಲ. ಆದರೆ 1968ರ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯ, ಏಳನೇ ಇನ್ನಿಂಗ್ಸ್, ಎರಡೂ ಕಡೆ ಸೊನ್ನೆ. ಡೆಟ್ರಾಯಿಟ್‌ನ ಜಿಮ್ ನಾರ್ತ್‌ರಪ್ ಹೊಡೆದ ಚೆಂಡಿಗೆ ಫ್ಲಡ್ ಮೊದಲು ಮುಂದಕ್ಕೆ ಹೆಜ್ಜೆ ಇಟ್ಟರು. ಚೆಂಡು ಹಿಂದಕ್ಕೆ ಹಾರಿತ್ತು. ತಿರುಗುವಾಗ ಕಾಲು ಜಾರಿತು. ಎರಡು ರನ್ ಬಂತು, ಸರಣಿಯೇ ಹೋಯಿತು. ಫೀಲ್ಡರ್‌ನ ಪಾಡು ಇದು. ಹಿಡಿದ ಸಾವಿರ ಚೆಂಡು ಯಾರಿಗೂ ಬೇಡ, ಬಿಟ್ಟ ಒಂದೇ ಒಂದು ಚೆಂಡು ಎಲ್ಲರಿಗೂ ನೆನಪು.

ಮರುವರ್ಷ ಅಕ್ಟೋಬರ್‌ನಲ್ಲಿ ಕಾರ್ಡಿನಲ್ಸ್ ಅವರನ್ನು ಫಿಲಡೆಲ್ಫಿಯಾಗೆ ಕೊಟ್ಟುಬಿಟ್ಟಿತು. ಒಂದು ಮಾತೂ ಕೇಳದೆ. ಆ ಕಾಲದಲ್ಲಿ ರಿಸರ್ವ್ ಕ್ಲಾಜ್ ಅಂತ ಒಂದು ಕಲಂ ಇತ್ತು, ಒಮ್ಮೆ ಸಹಿ ಹಾಕಿದರೆ ಜೀವನಪೂರ್ತಿ ಆ ತಂಡದ ಸೊತ್ತು. ಫ್ಲಡ್ ಒಪ್ಪಲಿಲ್ಲ. 1969ರ ಡಿಸೆಂಬರ್ 24ರಂದು ಕಮಿಷನರ್ ಬೋವಿ ಕೂನ್‌ಗೆ ಪತ್ರ ಬರೆದರು. ನಾನು ಕೊಂಡು ಮಾರುವ ವಸ್ತುವಲ್ಲ ಅನ್ನುವುದು ಅದರ ಸಾರ. ಕೋರ್ಟಿಗೆ ಹೋದರು. ಮೇಜರ್ ಲೀಗ್‌ನಲ್ಲಿ ವರ್ಣಭೇದದ ಗೋಡೆ ಒಡೆದ ಜ್ಯಾಕಿ ರಾಬಿನ್‌ಸನ್ ಬಂದು ಅವರ ಪರ ಸಾಕ್ಷಿ ಹೇಳಿದರು. 1972ರಲ್ಲಿ ಸುಪ್ರೀಂ ಕೋರ್ಟ್ 5-3ರಿಂದ ಫ್ಲಡ್ ವಿರುದ್ಧ ತೀರ್ಪು ಕೊಟ್ಟಿತು. 1970ರ ಸೀಸನ್ ಪೂರ್ತಿ ಬಿಟ್ಟಿದ್ದರು, 1971ರಲ್ಲಿ ವಾಷಿಂಗ್ಟನ್‌ಗೆ 13 ಪಂದ್ಯ ಆಡಿ ನಿಲ್ಲಿಸಿದರು. ಅಲ್ಲಿಗೆ ಆಟ ಮುಗಿಯಿತು.

ಆದರೆ ಅವರು ಎಬ್ಬಿಸಿದ ಪ್ರಶ್ನೆ ಮುಗಿಯಲಿಲ್ಲ. 1975ರಲ್ಲಿ ಡಾಡ್ಜರ್ಸ್‌ನ ಪಿಚರ್ ಆ್ಯಂಡಿ ಮೆಸ್ಸರ್‌ಸ್ಮಿತ್ ಸಹಿ ಹಾಕದೆಯೇ ಒಂದು ವರ್ಷ ಆಡಿದರು. ಅವರ ಮತ್ತು ಇನ್ನೊಬ್ಬ ಪಿಚರ್ ಡೇವ್ ಮೆಕ್‌ನ್ಯಾಲಿಯ ದೂರು ಕೇಳಿದ ಮಧ್ಯಸ್ಥಗಾರ ಪೀಟರ್ ಸೈಟ್ಸ್ ಡಿಸೆಂಬರ್ 23ರಂದು ಆಟಗಾರರ ಪರ ತೀರ್ಪು ಕೊಟ್ಟರು. ಬಾಗಿಲು ತೆರೆಯಿತು. ಆ ಮೆಸ್ಸರ್‌ಸ್ಮಿತ್ ಕೂಡ 1974 ಮತ್ತು 1975ರ ಗೋಲ್ಡ್ ಗ್ಲವ್ ಪಿಚರ್! ಇದನ್ನು ಮೊದಲ ಸಲ ಓದಿದಾಗ ನನಗೆ ರೋಮಾಂಚನವಾಯಿತು. ಫ್ಲಡ್ ಇನ್ನೂ ಹಾಲ್ ಆಫ್ ಫೇಮ್‌ನಲ್ಲಿ ಇಲ್ಲ. ಇರಬೇಕಿತ್ತು.

2026ರಿಂದ ಬ್ಯಾಟರ್, ಪಿಚರ್, ಕ್ಯಾಚರ್ ಯಾರು ಬೇಕಾದರೂ ತಲೆ ತಟ್ಟಿ ಸ್ಟ್ರೈಕ್ ತೀರ್ಪನ್ನು ಕ್ಯಾಮೆರಾ ಮುಂದೆ ಪ್ರಶ್ನಿಸಬಹುದು. ತಂಡಕ್ಕೆ ಎರಡು ಅವಕಾಶ, ಸರಿಯಾದರೆ ಅವಕಾಶ ಉಳಿಯುತ್ತದೆ. ಬೇಲಿಯ ಕಲೆಗೆ ಇದರಿಂದ ಸ್ವಲ್ಪ ಪೆಟ್ಟು ಬಿದ್ದೇ ಬೀಳುತ್ತದೆ, ಪೂರ್ತಿ ಅಲ್ಲ. ಎರಡೇ ಅವಕಾಶ ಅಂದ ಮೇಲೆ ಎಲ್ಲದಕ್ಕೂ ತಲೆ ತಟ್ಟುವುದಕ್ಕಾಗುವುದಿಲ್ಲ. ಯಾವಾಗ ತಟ್ಟಬೇಕು ಅನ್ನುವ ಅಂದಾಜು ಕ್ಯಾಚರ್‌ಗೆ ಇರುವಷ್ಟು ಇನ್ಯಾರಿಗೂ ಇರುವುದಿಲ್ಲ. ಅದೂ ಗ್ಲವ್‌ನ ಕೆಲಸವೇ ಅನ್ನುತ್ತೇನೆ ನಾನು.

2026ರ ಡಿಸೆಂಬರ್ 1ಕ್ಕೆ ಆಟಗಾರರ ಮತ್ತು ಮಾಲೀಕರ ಈಗಿನ ಒಪ್ಪಂದ ಮುಗಿಯುತ್ತದೆ. ಮತ್ತೆ ಮಾತುಕತೆಗೆ ಕೂತಾಗ ಸ್ಯಾಲರಿ ಕ್ಯಾಪ್ (ತಂಡದ ಒಟ್ಟು ಸಂಬಳಕ್ಕೆ ಮಿತಿ) ವಿಷಯಕ್ಕೇ ಜಗಳ ಜಾಸ್ತಿ ಇರುತ್ತದೆ, ಗೊತ್ತು. ಆದರೂ ಆಟಗಾರರ ಸಂಘದವರು ಆ ಬೋನಸ್ ಪಟ್ಟಿ ತೆರೆಯಲಿ. ಸೈ ಯಂಗ್ ಕೆಳಗೆ, ಹೊಸ ಆಟಗಾರನ ಪ್ರಶಸ್ತಿ ಪಕ್ಕದಲ್ಲಿ, ಗೋಲ್ಡ್ ಗ್ಲವ್‌ಗೆ ಒಂದು ಸಾಲು ಸೇರಿಸಲಿ. ಐದು ಲಕ್ಷ ಡಾಲರ್ ಇಟ್ಟರೂ ಸಾಕು.