ಮಿಷಿನ್ನು ಸುಳ್ಳು ಹೇಳಲ್ಲ ಅಲ್ವಾ ಮೇಷ್ಟ್ರೇ?

ಈ ಒಂದು ಮಾತು ಭಾನುವಾರದಿಂದ ನನ್ನ ತಲೆ ತಿನ್ನುತ್ತಿದೆ. ಕೇಳಿದವರು ನನ್ನ ಹಳೇ ವಿದ್ಯಾರ್ಥಿಯೊಬ್ಬನ ತಾಯಿ. ಪ್ರಶ್ನೆ ನನಗೆ, ಆದರೆ ಅವರ ಕಣ್ಣೆಲ್ಲ ಸೊಸೆಯ ಮೇಲೆ.

ಕೋಲಾರದಿಂದ ಮುಳಬಾಗಿಲು ಕಡೆ ಹೋಗುವಾಗ ಹೈವೇ ಬಿಟ್ಟು ಒಳಗೆ ಹೋದರೆ ಸಿಗುವ ಊರು. ಸಂಕ್ರಾಂತಿ ಮುಗಿದ ವಾರ. ರಾಗಿ ಕೊಯ್ದಾಗಿತ್ತು, ರಾಗಿ ನಡುವೆ ಅಕ್ಕಡಿ ಸಾಲಿನಲ್ಲಿ ಬಿತ್ತಿದ್ದ ಅವರೆ ಮಾತ್ರ ಇನ್ನೂ ನಿಂತಿತ್ತು. ಕಾಯಿ ಬಿಡಿಸುವಾಗ ಸೊಸೆಯ ತಾಳಿ ಸರ ಗಿಡಕ್ಕೆ ಸಿಕ್ಕಿ ತುಂಡಾಗಿದೆ. ತಾಳಿ ಸಿಕ್ಕಿತು, ಕರಿಮಣಿ ಒಂದಷ್ಟು ಸಿಕ್ಕವು, ಚಿನ್ನದ ಗುಂಡು ಎರಡು ಮಾತ್ರ ಸಿಗಲಿಲ್ಲ. ಹಬ್ಬಕ್ಕೆ ಬಂದಿದ್ದ ಅವಳ ತಮ್ಮ ಕಾಲೇಜು ಫೀಸಿನ ವಿಷಯ ಎತ್ತಿದ್ದನಂತೆ. ಗುಂಡು ತಮ್ಮನ ಕೈ ಸೇರಿದೆ ಅನ್ನೋ ಅನುಮಾನಕ್ಕೆ ಅಷ್ಟು ಸಾಕಲ್ಲ.

ಅದಕ್ಕೇ ನನಗೆ ಫೋನ್ ಬಂತು. ‘ಸಾರ್, ನಿಮ್ಮ ಹತ್ರ ಆ ಬೀಪ್ ಬೀಪ್ ಮಿಷಿನ್ ಇದೆಯಲ್ಲ, ಸ್ವಲ್ಪ ತಂದು ನೋಡಿ.’

ನಾನು ಮೆಟಲ್ ಡಿಟೆಕ್ಟರ್, ಅಂದರೆ ಮಣ್ಣೊಳಗಿನ ಲೋಹ ಪತ್ತೆ ಹಚ್ಚುವ ಮಿಷಿನ್ ಹಿಡಿದು ಹೊಲ ಸುತ್ತುತ್ತೀನಿ ಅನ್ನೋದು ಸುತ್ತಮುತ್ತಲ ಊರಿಗೆಲ್ಲ ಗೊತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ರಿಟೈರ್ ಆದವನು ನಾನು. ಹಾರ್ಟಿಗೆ ಸ್ಟೆಂಟ್ ಬಿದ್ದ ಮೇಲೆ ಡಾಕ್ಟರು ದಿನಾ ನಡೀರಿ ಅಂದರು. ಪಾರ್ಕಿನಲ್ಲಿ ಸುತ್ತು ಹೊಡೆಯೋದು, ಎದುರಿಗೆ ಸಿಕ್ಕವರಿಗೆಲ್ಲ ಶುಗರ್ ಎಷ್ಟು ಬಿಪಿ ಎಷ್ಟು ಅಂತ ಒಪ್ಪಿಸೋದು ನನ್ನಿಂದ ಆಗಲಿಲ್ಲ. ಮಗಳು ಈ ಮಿಷಿನ್ ತಂದುಕೊಟ್ಟಳು. ಜೊತೆಗೆ ಬಂದ ಪುಸ್ತಕದಲ್ಲಿ ಪೇಸ್‌ಮೇಕರ್ ಇದ್ದವರು ಡಾಕ್ಟರನ್ನು ಕೇಳಿ ಅಂತ ಬರೆದಿತ್ತು. ನನಗಿರೋದು ಸ್ಟೆಂಟ್. ಆದರೂ ಹೋಗಿ ಕೇಳಿದೆ. ಡಾಕ್ಟರು ನಕ್ಕು, ‘ನಿಧಿ ಸಿಕ್ಕಿದ್ರೆ ನನ್ನ ಮರೀಬೇಡಿ’ ಅಂದರು.

ಆದರೆ ಷರತ್ತುಗಳು ಒಂದೆರಡಲ್ಲ. ಚಳಿಯಲ್ಲಿ ಬೆಳಗಾಗೆದ್ದು ಹೋಗಬಾರದು, ಇಬ್ಬನಿ ಆರಬೇಕು. ಬಿಸಿಲು ಏರಿದ ಮೇಲೆ ನಿಲ್ಲಬಾರದು. ರಕ್ತ ತೆಳು ಮಾಡುವ ಮಾತ್ರೆ ನುಂಗೋದರಿಂದ ತುಕ್ಕು ಹಿಡಿದ ಮೊಳೆ ಚುಚ್ಚಿದರೆ ರಕ್ತ ಬೇಗ ನಿಲ್ಲಲ್ಲ. ಹಾಗಾಗಿ ದಪ್ಪ ಗ್ಲೌಸು ಇಲ್ಲದೆ ಮಣ್ಣು ಮುಟ್ಟುವ ಹಾಗಿಲ್ಲ. ಮಂಡಿ ಕುಕ್ಕರಗಾಲಿಗೆ ಒಪ್ಪಲ್ಲ, ಅದಕ್ಕೊಂದು ಪ್ಲಾಸ್ಟಿಕ್ ಸ್ಟೂಲು. ಇದಿಷ್ಟನ್ನೂ ಮನೆಯಾಕೆ ಗೇಟಿನ ಹತ್ತಿರ ನಿಂತು ಚೆಕ್ ಮಾಡಿ ಬಿಡುತ್ತಾಳೆ.

ಇನ್ನು ಹವಾಮಾನ. ಮಳೆಗಾಲದಲ್ಲಿ ಹೊಲದಲ್ಲಿ ಬೆಳೆ ಇರುತ್ತೆ, ಯಾರೂ ಕಾಲಿಡೋಕೆ ಬಿಡಲ್ಲ. ಮಾರ್ಚ್ ಆದರೆ ಬಿಸಿಲು ತಡೆಯಲ್ಲ, ನೆಲವೂ ಕಲ್ಲಾಗಿಬಿಡುತ್ತೆ. ಮೊದಲಾಗಿದ್ದರೆ ಒಣಗಿದ ಕೆರೆ ಅಂಗಳಗಳಿದ್ದವು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಶುದ್ಧವಾಗಿಯೋ ಅರ್ಧಂಬರ್ಧ ಶುದ್ಧವಾಗಿಯೋ ನಮ್ಮ ಕಡೆ ಕೆರೆಗಳಿಗೆ ಬರುತ್ತಿದೆ. ನೀರು ಬಂತಲ್ಲ ಅಂತ ಖುಷಿ, ನನ್ನ ಜಾಗ ಹೋಯ್ತಲ್ಲ ಅಂತ ಒಂಚೂರು ಹೊಟ್ಟೆಯುರಿ. ಒಟ್ಟಿನಲ್ಲಿ ರಾಗಿ ಕೊಯ್ಲಾದ ಮೇಲೆ ಶಿವರಾತ್ರಿ ತನಕ ನನ್ನ ಸೀಸನ್ನು.

ಸಿಗೋದೇನು ಅಂತೀರಾ? ಬಾಟಲಿ ಮುಚ್ಚಳ, ಟ್ರಾಕ್ಟರ್ ನಟ್ಟು, ಎತ್ತಿನ ಲಾಳ, ಗುಟ್ಕಾ ಪೊಟ್ಟಣ. ಪುಣ್ಯ ಇದ್ದರೆ ಹಳೇ ಅಲ್ಯೂಮಿನಿಯಂ ಪೈಸೆ. ಅಂಚು ಬಳುಕಿದ ಹತ್ತು ಪೈಸೆ, ಚೌಕದ ಐದು ಪೈಸೆ, ಆರು ಮೂಲೆಯ ಮೂರು ಪೈಸೆ. ಹೊಲದ ಮಧ್ಯೆ ಇವೆಲ್ಲ ಯಾಕಿರುತ್ತವೆ ಅಂದರೆ, ಮನೆ ಗುಡಿಸಿದ ಕಸ ತಿಪ್ಪೆಗೆ, ತಿಪ್ಪೆ ಗೊಬ್ಬರ ಗಾಡಿಯಲ್ಲಿ ಹೊಲಕ್ಕೆ. ಮಗು ಕೈಜಾರಿಸಿದ ಪೈಸೆ ಮನೆ ಮೂಲೆಯಿಂದ ಹೊಲ ಸೇರುತ್ತೆ. ನನಗೆ ಈ ಹವ್ಯಾಸದಲ್ಲಿ ಅತಿ ಇಷ್ಟವಾದ ಸಂಗತಿ ಇದೇ.

ನೋಡುವವರಿಗೆ ಮಾತ್ರ ನಾನು ನಿಧಿಗಳ್ಳ. ‘ಸಿಕ್ತಾ ಸಾರ್?’ ಅಂತ ಕನ್ನಡದಲ್ಲೊಬ್ಬರು, ‘ದೊರಿಕಿಂದಾ ಸಾರ್?’ ಅಂತ ತೆಲುಗಿನಲ್ಲೊಬ್ಬರು. ತಪ್ಪೂ ಅಲ್ಲ. ನಮ್ಮ ಕಡೆ ನಿಧಿ ಆಸೆಗೆ ಪಾಳು ಗುಡಿಯ ಬಸವಣ್ಣನನ್ನೇ ಎಬ್ಬಿಸಿ ಗುಂಡಿ ತೋಡಿದವರಿದ್ದಾರೆ. ಅದಕ್ಕೇ ನಾನು ಗುಡಿ, ಕೋಟೆ, ವೀರಗಲ್ಲು ಇರುವ ಕಡೆ ಸುಳಿಯಲ್ಲ. ಹೊಲದವರನ್ನು ಕೇಳದೆ ಇಳಿಯಲ್ಲ. ನಿಧಿಗೆ ಅಂತಲೇ ಕರ್ನಾಟಕದಲ್ಲಿ 1962ರ ಕಾಯ್ದೆ ಇದೆ. ಮಣ್ಣಿನಲ್ಲಿ ಹೂತ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು. ಕೆಲವರ ಸಲಹೆ ಇನ್ನೊಂದು: ‘ಕೆಜಿಎಫ್‌ಗೆ ಹೋಗಿ ತಿರುಗಿಸಿ ಸಾರ್, ಆ ದಿಬ್ಬದಲ್ಲಿ ಇನ್ನೂ ಚಿನ್ನ ಇದೆಯಂತೆ.’ ಗಣಿ ಮುಚ್ಚಿದ್ದು 2001ರಲ್ಲಿ. ಆ ಸೈನೈಡ್ ದಿಬ್ಬದಲ್ಲಿ ಇರೋದು ಅರೆದು ಹಿಟ್ಟು ಮಾಡಿದ ಕಲ್ಲು. ಅದರಲ್ಲಿ ಉಳಿದ ಚಿನ್ನದ ಕಣಕ್ಕೆ ನನ್ನ ಮಿಷಿನ್ ಕೂಗಲ್ಲ. ಹೇಳಿದರೆ ಯಾರೂ ನಂಬಲ್ಲ, ಇವನು ರಾತ್ರಿ ಒಬ್ಬನೇ ಹೋಗ್ತಾನೆ ಅಂದುಕೊಳ್ಳುತ್ತಾರೆ.

ಭಾನುವಾರ ನಾನು ಹೋಗುವಷ್ಟರಲ್ಲಿ ಬದುವಿನ ಮೇಲೆ ಜನ ಸೇರಿತ್ತು. ಅಕ್ಕಪಕ್ಕದವರು, ಮಕ್ಕಳು, ಊರುಗೋಲು ಹಿಡಿದ ಒಬ್ಬ ತಾತ. ಕಳೆದ ವಸ್ತು ಹುಡುಕೋಕೆ ಅಷ್ಟು ಜನ ಬೇಡ. ಪಂಚಾಯಿತಿಗೆ ಬೇಕು.

ಮೊದಲು ನಾನು ಉಳಿದಿದ್ದ ಗುಂಡಿನಲ್ಲಿ ಒಂದನ್ನು ಕೇಳಿ ಈಸಿಕೊಂಡೆ. ಬಟಾಣಿಗಿಂತ ಚಿಕ್ಕದು. ಒಳಗೆ ಅರಗು, ಮೇಲೆ ತೆಳ್ಳನೆ ಚಿನ್ನದ ತಗಡು. ಅದನ್ನು ಕೆಂಪು ಮಣ್ಣಿನ ಮೇಲಿಟ್ಟು, ಮಿಷಿನ್ ತುದಿಯ ತಟ್ಟೆಯಂಥ ಕಾಯಿಲ್ ಆಡಿಸಿದೆ. ‘ಟಿಕ್’ ಅಂತ ಅರೆಮನಸ್ಸಿನ ಸದ್ದು. ಅದರ ಮೇಲೆ ನಾಲ್ಕು ಬೆರಳು ಮಣ್ಣು ಮುಚ್ಚಿದೆ. ಸದ್ದು ಬಂದರೂ ಬಂತು, ಇಲ್ಲದಿದ್ದರೂ ಇಲ್ಲ. ಆಮೇಲೆ ಬದುವಿನಲ್ಲಿ ಬಿದ್ದಿದ್ದ ಗುಟ್ಕಾ ಪೊಟ್ಟಣದ ಚೂರು ಇಟ್ಟು ಆಡಿಸಿದೆ. ಅದೇ ‘ಟಿಕ್’. ಎಲ್ಲರಿಗೂ ಕೇಳಿಸಲಿ ಅಂತಲೇ ಎರಡೆರಡು ಸಲ ಮಾಡಿ ತೋರಿಸಿದೆ.

ಸೊಸೆ ನನ್ನ ಸ್ಟೂಲು ಹಿಡಿದು ಹಿಂದೆ ಬಂದಳು. ಇಪ್ಪತ್ತೈದರ ಒಳಗಿನ ಹುಡುಗಿ. ನಾನು ಸದ್ದು ಬಂದ ಕಡೆ ಕಾಲಿನಿಂದ ಗೆರೆ ಎಳೆಯೋದು, ಅವಳು ಕುರ್ಪಿಯಿಂದ ಒಂದು ಹಿಡಿ ಮಣ್ಣು ಎತ್ತೋದು. ಆ ಮಣ್ಣನ್ನು ಕಾಯಿಲ್ ಮುಂದೆ ತರಬೇಕು. ಸದ್ದು ಬಂದರೆ ಎರಡು ಪಾಲು ಮಾಡಿ ಒಂದನ್ನು ಕೆಳಗೆ ಹಾಕಬೇಕು, ಉಳಿದದ್ದನ್ನು ಮತ್ತೆ ತೋರಿಸಬೇಕು. ಒಂದೇ ಸಲ ಹೇಳಿದ್ದು, ಕಲಿತುಬಿಟ್ಟಳು. ಬಳೆ ಸದ್ದು ಕೊಡುತ್ತೆ ಅಂತ ಅವಳೇ ಲೋಹದ ಬಳೆ ಬಿಚ್ಚಿ ಸೆರಗಿಗೆ ಕಟ್ಟಿಕೊಂಡಳು. ಅದನ್ನು ನಾನು ಹೇಳಿರಲಿಲ್ಲ. ಅಂಗೈ ಮೇಲೆ ಮಣ್ಣು ಕಡಿಮೆಯಾಗುತ್ತಾ ಹೋಗಿ, ಕೊನೆಗೆ ಚಿಟಿಕೆಯಷ್ಟಾಗಿ, ಬೆರಳಿನಿಂದ ಉಜ್ಜಿದರೆ ಮಾತ್ರೆ ಪಟ್ಟಿಯ ಬೆಳ್ಳಿ ಹಾಳೆ. ಪ್ರತಿ ಸದ್ದಿಗೂ ಬದುವಿನ ಮೇಲಿನ ಜನ ಕತ್ತು ಚಾಚೋದು, ಮತ್ತೆ ಸಪ್ಪೆಯಾಗೋದು.

ಗಂಡ ಅನ್ನಿಸಿಕೊಂಡವನು ಕಣದ ಹತ್ತಿರ ನಿಂತು ಫೋನ್ ಉಜ್ಜುತ್ತಿದ್ದ. ಕ್ಲಾಸಿನಲ್ಲೂ ಹೀಗೇ. ಪ್ರಶ್ನೆ ಕೇಳಿದರೆ ಮುಂದಿನ ಬೆಂಚಿನವನ ಬೆನ್ನ ಹಿಂದೆ ಅಡಗುತ್ತಿದ್ದ. ಈಗ ಅಮ್ಮನ ಹಿಂದೆ ಅಡಗಿದ್ದಾನೆ. ಕೆಟ್ಟವನಲ್ಲ. ಆದರೆ ಬಾಯಿ ಬಿಡಬೇಕಾದ ಕಡೆ ಬಾಯಿ ಬಿಡದವರನ್ನು ಒಳ್ಳೆಯವರು ಅನ್ನೋ ಪದ್ಧತಿ ನಮ್ಮಲ್ಲಿದೆ, ನನಗೆ ಅದು ಸರಿ ಬರಲ್ಲ.

ಹನ್ನೊಂದು ಗಂಟೆ ಹೊತ್ತಿಗೆ ಬೆನ್ನು ಬೆವೆತಿತ್ತು, ಮಂಡಿ ಕೂಗುತ್ತಿತ್ತು. ಹೊಲದ ಅರ್ಧ ಕೂಡ ಆಗಿರಲಿಲ್ಲ. ಇವತ್ತಿಗೆ ಸಾಕು ಅಂತ ಸ್ಟೂಲಿನ ಮೇಲೆ ಕೂತೆ. ಆಗ ಬಂತು ಆ ಮಾತು.

‘ಮಿಷಿನ್ನು ಸುಳ್ಳು ಹೇಳಲ್ಲ ಅಲ್ವಾ ಮೇಷ್ಟ್ರೇ?’

ನಾನು ಹತ್ತನೇ ಕ್ಲಾಸಿನ ಪಾಠ ಶುರುಮಾಡಿದೆ. ಕಾಯಿಲಿನಲ್ಲಿ ಕರೆಂಟು ಹಿಂದೆ ಮುಂದೆ ಹರಿಯುತ್ತೆ ಅಮ್ಮ, ಅದರಿಂದ ಕಾಂತಕ್ಷೇತ್ರ ಬದಲಾಗುತ್ತೆ, ಮಣ್ಣೊಳಗಿನ ಲೋಹದಲ್ಲಿ ಅದು ಸಣ್ಣ ಕರೆಂಟು ಹುಟ್ಟಿಸುತ್ತೆ, ಮಿಷಿನ್ ಹಿಡಿಯೋದು ಆ ಸಣ್ಣ ಕರೆಂಟಿನ ಗುರುತನ್ನ. ವಸ್ತು ಚಿಕ್ಕದಾದಷ್ಟೂ ಗುರುತು ಚಿಕ್ಕದು. ನಮ್ಮ ಕೆಂಪು ಮಣ್ಣಿನಲ್ಲೇ ಕಬ್ಬಿಣದ ಅಂಶ ಇದೆ, ಅದೂ ಗೊಣಗುತ್ತಿರುತ್ತೆ. ಅಷ್ಟರಲ್ಲಿ ಇಷ್ಟು ಚಿಕ್ಕ ಗುಂಡು ಸಿಗಲಿಲ್ಲ ಅಂದ ಮಾತ್ರಕ್ಕೆ...

‘ಅಂದ್ರೆ ಇಲ್ಲಿಲ್ಲ ಅಂತಾಯ್ತು’ ಅಂದರು ಅವರು. ಬದುವಿನ ಮೇಲಿದ್ದವರು ತಲೆ ಆಡಿಸಿದರು. ಸೊಸೆ ಸೆರಗಿನ ಗಂಟು ಬಿಚ್ಚಿ ಬಳೆ ಹಾಕಿಕೊಂಡಳು.

‘ಇನ್ನೂ ಅರ್ಧ ಹೊಲ ಇದೆ’ ಅಂತ ನಾನು ಜೋರಾಗಿಯೇ ಅಂದೆ. ಜನ ಆಗಲೇ ಕರಗುತ್ತಿದ್ದರು.

ಆ ಅಮ್ಮ ದುಷ್ಟೆ ಅಂತ ನನಗೆ ಅನಿಸಿಲ್ಲ. ನನಗೆ ಎಳನೀರು ಕೊಚ್ಚಿ ಕೊಟ್ಟರು, ಬಿಸಿಲಿಗೆ ಟವೆಲ್ ತಂದುಕೊಟ್ಟರು. ಗುಂಡು ಅವರೇ ಹಸು ಸಾಕಿ, ಹಾಲಿನ ದುಡ್ಡು ಕೂಡಿಸಿ ಮಾಡಿಸಿದ್ದಂತೆ. ಈಗಿನ ಚಿನ್ನದ ರೇಟಿಗೆ ಸಂಕಟ ಆಗದೆ ಇರುತ್ತಾ? ನನ್ನನ್ನು ಕಾಡುತ್ತಿರೋದು ಬೇರೆ. ಮನೆಯೊಳಗೆ ಕೇಳಿ ನಂಬಬೇಕಾದ ಮಾತನ್ನು ಅವರು ಹೊಲಕ್ಕೆ ತಂದು ಒಂದು ಬ್ಯಾಟರಿ ಡಬ್ಬಿಯ ಬಾಯಲ್ಲಿ ಹೇಳಿಸೋಕೆ ನೋಡಿದರು. ಹುಡುಗಿ ‘ಇಲ್ಲೇ ಬಿತ್ತು’ ಅಂತ ಮೊದಲ ದಿನವೇ ಹೇಳಿದ್ದಾಳೆ. ಅದಕ್ಕೆ ಬೆಲೆ ಇಲ್ಲ. ಮಿಷಿನ್ ಹೇಳಬೇಕು.

ನಮ್ಮ ಜಿಲ್ಲೆಗೆ ಇದು ಹೊಸದೇನಲ್ಲ. ಬೋರ್‌ವೆಲ್ ಕೊರೆಸೋಕೆ ಪಾಯಿಂಟ್ ನೋಡುವವರು ಬರುತ್ತಾರಲ್ಲ, ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲ ಸುತ್ತುತ್ತಾರೆ. ಕಾಯಿ ಎದ್ದು ನಿಂತ ಕಡೆ ನೀರು. ಸಾವಿರ ಅಡಿ ದಾಟಿದರೂ ಬರೀ ಧೂಳು ಬಂದರೆ, ಯಾರೂ ಕಾಯಿಯನ್ನು ಬೈಯಲ್ಲ. ರೈತನ ಗ್ರಹಚಾರ ಅಂತಾರೆ, ಮನೆಯಲ್ಲಿ ಯಾರೋ ಮೈಲಿಗೆ ಮಾಡಿದರು ಅಂತಾರೆ. ಆ ‘ಯಾರೋ’ ಸಾಮಾನ್ಯವಾಗಿ ಹೆಂಗಸೇ ಆಗಿರುತ್ತಾಳೆ. ಕಳ್ಳನನ್ನು ಹಿಡಿಯೋಕೆ ಅಂಜನ ಹಾಕಿಸುತ್ತಿದ್ದ ಕಾಲವನ್ನು ನಾನೇ ಕಂಡಿದ್ದೀನಿ. ಆಗಲೂ ಅಂಜನದಲ್ಲಿ ಕಾಣಿಸುತ್ತಿದ್ದದ್ದು ಮನೆಯವರಿಗೆ ಮೊದಲೇ ಯಾರ ಮೇಲೆ ಅನುಮಾನ ಇತ್ತೋ ಅವರೇ.

ನಾನು ಕಾಯಿಲು, ಕಾಂತಕ್ಷೇತ್ರ, ಕರೆಂಟು ಅಂತ ವಿಜ್ಞಾನಿ ಫ್ಯಾರಡೆಯ ಪಾಠ ಮಾಡಿ ಮಾಡಿ ಇಂಥದ್ದನ್ನೆಲ್ಲ ಗೇಲಿ ಮಾಡಿಕೊಂಡು ಬಂದವನು. ಭಾನುವಾರ ಅದೇ ಫ್ಯಾರಡೆಯ ಮಿಷಿನ್ ಹಿಡಿದು ಪಾಯಿಂಟ್ ನೋಡುವವನ ಜಾಗದಲ್ಲಿ ನಿಂತಿದ್ದೆ. ಈ ಹವ್ಯಾಸದಲ್ಲಿ ಸಿಗದೆ ಇರೋದೇ ಜಾಸ್ತಿ. ಖಾಲಿ ಕೈಲಿ ಬಂದ ದಿನವೂ ನನಗೆ ಬೇಜಾರಾಗಲ್ಲ, ನಡಿಗೆ ಆಯ್ತಲ್ಲ ಅಂದುಕೊಳ್ಳುತ್ತೀನಿ. ನನಗೆ ಸಿಗದೆ ಇದ್ದದ್ದು ಇನ್ನೊಬ್ಬಳ ಮೇಲೆ ಆರೋಪ ಆಗುತ್ತೆ ಅಂತ ಈ ವಾರದ ತನಕ ಹೊಳೆದಿರಲಿಲ್ಲ. ಮನೆಯಾಕೆಗೆ ಹೇಳಿದೆ. ‘ಎರಡು ಗುಂಡು ನೀವೇ ಕೊಂಡು ಹೊಲಕ್ಕೆ ಹಾಕಿ ಬೀಪ್ ಅನ್ನಿಸಬೇಕಿತ್ತು’ ಅಂದಳು. ತಮಾಷೆಗೋ ನಿಜಕ್ಕೋ ಗೊತ್ತಾಗಲಿಲ್ಲ. ಒಂದು ರಾತ್ರಿ ನಾನೂ ಅದನ್ನೇ ಯೋಚನೆ ಮಾಡಿದ್ದು ನಿಜ.

ನಿನ್ನೆ ಸಂಜೆ ಆ ಹುಡುಗಿಯೇ ಫೋನ್ ಮಾಡಿದಳು.

‘ಸಾರ್, ಅವತ್ತು ಕಾಯಿ ಬಿಡಿಸಿ ಮಡಿಲಿಗೆ ಹಾಕ್ಕೊಂಡಿದ್ದೆ. ಸರ ತುಂಡಾದಾಗ ಗುಂಡು ಮಡಿಲೊಳಗೇ ಬಿದ್ದಿರಬಹುದು ಅಲ್ವಾ? ರಾತ್ರಿ ಅವರೆ ಸುಲಿದು ಸಿಪ್ಪೆಯೆಲ್ಲ ಹಸುಗೆ ಹಾಕಿದೀವಿ. ಹಸು ಹೊಟ್ಟೆಗೆ ಮಿಷಿನ್ ಹಿಡಿದು ನೋಡಬಹುದಾ?’

ಬದುವಿನ ಮೇಲಿದ್ದ ಅಷ್ಟು ಜನಕ್ಕೆ, ನನಗೂ ಸೇರಿಸಿ, ಹೊಳೆಯದ್ದು ಇವಳಿಗೆ ಹೊಳೆದಿದೆ. ಹಸುಗಳು ಮೊಳೆ, ತಂತಿ ನುಂಗೋದುಂಟು. ಅದಕ್ಕೆ ಪಶು ವೈದ್ಯರು ಹೊಟ್ಟೆಗೆ ಅಯಸ್ಕಾಂತವನ್ನೇ ನುಂಗಿಸುತ್ತಾರೆ. ಚಿನ್ನ ಅದಕ್ಕೆ ಅಂಟಲ್ಲ. ಹಸುವಿನ ಹೊಟ್ಟೆಯಷ್ಟು ಆಳಕ್ಕೆ ಇಷ್ಟು ಚಿಕ್ಕ ಗುಂಡು ನನ್ನ ಮಿಷಿನ್ನಿಗೆ ತಿಳಿಯೋದೂ ಇಲ್ಲ. ಆದರೆ ಗೋದಲಿ ನೋಡಬಹುದು, ತಿಪ್ಪೆ ನೋಡಬಹುದು. ತೆಳ್ಳಗೆ ಹರಡಿದರೆ ಸಾಕು. ಹಾಗಂತ ಹೇಳುತ್ತಿರುವಾಗಲೇ ಅತ್ತೆ ಫೋನ್ ಕಿತ್ತುಕೊಂಡರು.

‘ಹಸು ಹತ್ರ ಮಾತ್ರ ಅದನ್ನ ತರಬೇಡಿ ಮೇಷ್ಟ್ರೇ, ಹಾಲು ಇಳಿದುಬಿಡುತ್ತೆ.’

‘ತರಲ್ಲಮ್ಮ. ತಿಪ್ಪೆ ನೋಡ್ತೀನಿ.’

‘ತಿಪ್ಪೆ ನೋಡಿ. ಭಾನುವಾರ ಏಳಕ್ಕೇ ಬನ್ನಿ, ಅವರೆಕಾಳು ಉಪ್ಪಿಟ್ಟು ಮಾಡಿಸ್ತೀನಿ.’

‘ಏಳಕ್ಕೆ ಇಬ್ಬನಿ ಇರುತ್ತೆ, ಒಂಬತ್ತೂವರೆಗೆ ಬರ್ತೀನಿ. ಆದ್ರೆ ಒಂದು ಮಾತು. ತಿಪ್ಪೆ ಕೆದರಿ ಹರಡೋಕೆ ನಿಮ್ಮ ಮಗನೇ ಇಳೀಬೇಕು. ಫೋನು ಮನೇಲಿಟ್ಟು ಬರೋಕೆ ಹೇಳಿ.’