180 ಕಿಲೋಹರ್ಟ್ಸ್‌ನಲ್ಲಿ ಎಲ್ಲರಿಗೂ ಜಾಗ ಮಾಡುವುದು

ಬೆಂಗಳೂರಿನಲ್ಲಿ ಬೇಸ್ ಸ್ಟೇಷನ್ (ಮೊಬೈಲ್ ಟವರ್) ಸಾಫ್ಟ್‌ವೇರ್ ಬರೆಯುವುದು ನನ್ನ ಕೆಲಸ. ಅದರಲ್ಲೂ ಶೆಡ್ಯೂಲರ್ ನನ್ನ ಪಾಲಿಗೆ ಬಂದಿದೆ. ಯಾವ ಸಾಧನ ಯಾವಾಗ, ಯಾವ ಫ್ರೀಕ್ವೆನ್ಸಿಯಲ್ಲಿ ಮಾತಾಡಬೇಕು ಅಂತ ತೀರ್ಮಾನ ಮಾಡುವ ಭಾಗ ಅದು. ಮೊದಲು ಎಲ್‌ಟಿಇ, ಅಂದರೆ 4ಜಿ ನೋಡಿಕೊಳ್ಳುತ್ತಿದ್ದೆ, ಆಮೇಲೆ ಎನ್‌ಬಿ-ಐಒಟಿಗೆ ಬಂದೆ. ನೀರಿನ ಮೀಟರ್, ಕರೆಂಟ್ ಮೀಟರ್ ಥರದ ಸಣ್ಣ ಸಾಧನಗಳಿಗೆ ಅಂತಲೇ 2016ರಲ್ಲಿ ಮೊಬೈಲ್ ಸ್ಟ್ಯಾಂಡರ್ಡ್‌ಗಳನ್ನು ರೂಪಿಸುವ 3ಜಿಪಿಪಿ ತನ್ನ ರಿಲೀಸ್ 13ರಲ್ಲಿ ತಂದ ವ್ಯವಸ್ಥೆ ಇದು. ಮೇಲ್ನೋಟಕ್ಕೆ ಎಲ್‌ಟಿಇ ತರಹವೇ ಕಾಣುತ್ತದೆ. ಹಾಗಾಗಿ ಅಲ್ಲಿಂದ ಬಂದವರು ಅಲ್ಲಿನ ಲೆಕ್ಕವನ್ನೇ ಇಲ್ಲೂ ಹಾಕುತ್ತಾರೆ. ಅದು ಯಾಕೆ ನಡೆಯುವುದಿಲ್ಲ ಅಂತ ತಂಡಕ್ಕೆ ಹೊಸದಾಗಿ ಸೇರಿದವರಿಗೆಲ್ಲ ಹೇಳುತ್ತಿರುತ್ತೇನೆ. ಒಮ್ಮೆ ಬರೆದಿಡೋಣ ಅನ್ನಿಸಿತು.

20 ಮೆಗಾಹರ್ಟ್ಸ್ ಎಲ್‌ಟಿಇಯಲ್ಲಿ 100 ರಿಸೋರ್ಸ್ ಬ್ಲಾಕ್, ಅಂದರೆ ಹಂಚಲು ಫ್ರೀಕ್ವೆನ್ಸಿಯ 100 ತುಂಡು ಇರುತ್ತವೆ. ಮಿಲಿಸೆಕೆಂಡಿಗೊಮ್ಮೆ ಹೊಸದಾಗಿ ಹಂಚಬಹುದು. ಈ ಸಲ ಯಾರಿಗಾದರೂ ಕಡಿಮೆ ಬಿದ್ದರೆ ಮುಂದಿನ ಸಲ ಸರಿಮಾಡಿದರಾಯಿತು. ಎನ್‌ಬಿ-ಐಒಟಿಗೆ ಸಿಗುವುದು ಅಂಥ ಒಂದೇ ಬ್ಲಾಕಿನಷ್ಟು ಜಾಗ, 180 ಕಿಲೋಹರ್ಟ್ಸ್. ಅದರೊಳಗೆ 15 ಕಿಲೋಹರ್ಟ್ಸ್‌ನ 12 ಟೋನ್, ಅಂದರೆ 12 ಸಣ್ಣ ಫ್ರೀಕ್ವೆನ್ಸಿ ಪಟ್ಟಿ. ಅಷ್ಟೇ. ಒಂದು ಸಲ ಕೊಟ್ಟ ಜಾಗ ತುಂಬಾ ಹೊತ್ತು ವಾಪಸ್ ಸಿಗುವುದಿಲ್ಲ.

ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಒಂದು ಮೀಟರ್ ಇದೆ ಅಂದುಕೊಳ್ಳಿ. ಅದು ಕಳಿಸಬೇಕಾದ್ದು ಬರೀ 256 ಬಿಟ್, ಅಂದರೆ 32 ಬೈಟ್. ಸಿಗ್ನಲ್ ತೀರಾ ಕಡಿಮೆ, ಆದ್ದರಿಂದ ಅತಿ ಕೆಳಗಿನ ಕೋಡಿಂಗ್ ದರ (ಒಂದೊಂದು ಬಿಟ್‌ಗೂ ಹೆಚ್ಚು ಜಾಗ), 10 ರಿಸೋರ್ಸ್ ಯೂನಿಟ್ (ಟೋನ್ ಮತ್ತು ಸಮಯ ಸೇರಿದ ಹಂಚಿಕೆಯ ಅಳತೆ). ಒಂದೇ ಟೋನ್ ಕೊಟ್ಟರೆ ಒಂದು ಯೂನಿಟ್‌ಗೆ 8 ಮಿಲಿಸೆಕೆಂಡ್, ಒಟ್ಟು 80. ಟವರಿಗೆ ಕೇಳಿಸಲೆಂದು ಅದನ್ನೇ 128 ಸಲ ಹೇಳಿಸಿದರೆ (ಇದೇ ರಿಪಿಟಿಷನ್) 10.24 ಸೆಕೆಂಡ್. ಸಾಲದ್ದಕ್ಕೆ ಪ್ರತಿ 256 ಮಿಲಿಸೆಕೆಂಡ್ ಕಳುಹಿಸಿದ ಮೇಲೆ 40 ಮಿಲಿಸೆಕೆಂಡ್ ಬಿಡುವು ಬೇರೆ. 32 ಬೈಟ್‌ಗೆ ಇಷ್ಟು ಹೊತ್ತು!

ಇದನ್ನು ನೋಡಿದ ತಕ್ಷಣ ಎಲ್ಲರೂ ಕೇಳುವ ಪ್ರಶ್ನೆ ಒಂದೇ: 12 ಟೋನೂ ಕೊಟ್ಟುಬಿಟ್ಟರೆ ಬೇಗ ಮುಗಿಯುತ್ತೆ ಅಲ್ವಾ? ಕಾಗದದ ಮೇಲೆ ಮುಗಿಯುತ್ತದೆ, 1.28 ಸೆಕೆಂಡಿನಲ್ಲಿ. ಆದರೆ ಮೀಟರಿನ ಹತ್ತಿರ ಇರುವ ಶಕ್ತಿ 200 ಮಿಲಿವ್ಯಾಟ್ ಮಾತ್ರ. ಒಂದು ಟೋನಿಗೆ ಹಾಕಿದರೂ ಅಷ್ಟೇ, 12ಕ್ಕೆ ಹರಡಿದರೂ ಅಷ್ಟೇ. ಹೊತ್ತು ಎಂಟನೇ ಒಂದು ಭಾಗಕ್ಕೆ ಇಳಿದರೆ ಟವರಿಗೆ ಮುಟ್ಟುವ ಒಟ್ಟು ಶಕ್ತಿಯೂ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಸಂದೇಶ ಅರ್ಥವಾಗುವುದಿಲ್ಲ. ಸರಿತೂಗಿಸಲು ಎಂಟು ಪಟ್ಟು ರಿಪಿಟಿಷನ್ ಬೇಕು, ಆದರೆ ಅಪ್‌ಲಿಂಕಿಗೆ (ಸಾಧನದಿಂದ ಟವರಿಗೆ ಹೋಗುವ ದಾರಿ) 128ರ ಮೇಲೆ ಅವಕಾಶವೇ ಇಲ್ಲ. ಹಾಗಾಗಿ ದೂರದ, ದುರ್ಬಲ ಸಾಧನಕ್ಕೆ ಒಂದೇ ಟೋನ್ ಕೊಡುವುದೇ ಸರಿ. ಅದಕ್ಕೇನೂ ನಷ್ಟವಿಲ್ಲ, ಉಳಿದ 11 ಟೋನ್ ಬೇರೆಯವರಿಗೆ ಸಿಗುತ್ತವೆ.

ಇನ್ನು ಅದನ್ನು ಯಾವ ಟೋನಿನಲ್ಲಿ ಕೂರಿಸುವುದು? ನನ್ನ ಕೆಲಸದ ಬಹುಪಾಲು ಇಲ್ಲೇ ಹೋಗುತ್ತದೆ. ಸಿಗ್ನಲ್ ಚೆನ್ನಾಗಿರುವ ಸಾಧನಕ್ಕೆ 3, 6 ಅಥವಾ 12 ಟೋನ್ ಕೊಡಬಹುದು. ಆದರೆ ಮೂರರ ಗುಂಪು ಎಲ್ಲೆಂದರಲ್ಲಿ ಶುರುವಾಗುವಂತಿಲ್ಲ. 0-2, 3-5, 6-8, 9-11, ಇವೇ ನಾಲ್ಕು ಜಾಗ. ಕೆಂಪು ಬಸ್ಸಿನಲ್ಲಿ ಮೂರು ಜನರ ಸೀಟಿಗೆ ಒಬ್ಬೊಬ್ಬರೇ ಕೂತುಬಿಟ್ಟರೆ ಆಮೇಲೆ ಹತ್ತಿದ ಸಂಸಾರಕ್ಕೆ ಒಟ್ಟಿಗೆ ಸೀಟೇ ಸಿಗುವುದಿಲ್ಲ. ಇಲ್ಲೂ ಅದೇ ಆಗುತ್ತದೆ. ನಾಲ್ಕು ಬೇಸ್‌ಮೆಂಟ್ ಮೀಟರ್‌ಗಳು ನಾಲ್ಕು ಗುಂಪಿನಲ್ಲಿ ಕೂತರೆ, 8 ಟೋನ್ ಖಾಲಿ ಇದ್ದರೂ ಮೂರರ ಗ್ರಾಂಟ್ (ಕಳಿಸಲು ಕೊಡುವ ಅನುಮತಿ) ಒಂದನ್ನೂ ಕೊಡಲಾಗುವುದಿಲ್ಲ. ಹತ್ತು ಸೆಕೆಂಡು ಹಾಗೇ.

ಹಾಗಾದರೆ 0ಯಿಂದ ಒತ್ತಾಗಿ ತುಂಬಿಸಿಕೊಂಡು ಬಂದರೆ ಆಯಿತಲ್ಲ ಅನ್ನಬಹುದು. ಸಹಜವಾಗಿ ಕೋಡ್ ಬರೆದರೆ ಹಾಗೇ ಬರುತ್ತದೆ, ಮೊದಲು ಸಿಕ್ಕ ಖಾಲಿ ಟೋನ್ ಹಿಡಿಯುತ್ತದೆ. ಆದರೆ ಡೌನ್‌ಲಿಂಕ್ (ಟವರಿನಿಂದ ಸಾಧನಕ್ಕೆ ಬರುವ) ಸಂದೇಶ ತಲುಪಿತು ಅಂತ ಸಾಧನ ಕಳಿಸುವ ಉತ್ತರ ಇದೆಯಲ್ಲ, 15 ಕಿಲೋಹರ್ಟ್ಸ್‌ನಲ್ಲಿ ಅದು ಬರುವುದು 0, 1, 2, 3ನೇ ಟೋನ್‌ಗಳಲ್ಲಿ ಮಾತ್ರ. ಅಲ್ಲಿ ಬೇಸ್‌ಮೆಂಟ್ ಮೀಟರ್‌ಗಳು ಬೀಡುಬಿಟ್ಟರೆ ಉತ್ತರಕ್ಕೆ ಜಾಗವಿಲ್ಲ. ಉತ್ತರಕ್ಕೆ ಜಾಗವಿಲ್ಲದಿದ್ದರೆ ಡೌನ್‌ಲಿಂಕ್ ಕಳಿಸುವುದಕ್ಕೇ ಆಗುವುದಿಲ್ಲ. ಅಪ್‌ಲಿಂಕಿನ ಇಕ್ಕಟ್ಟು ಡೌನ್‌ಲಿಂಕನ್ನು ಕಟ್ಟಿಹಾಕುತ್ತದೆ. ಲಾಗ್ ನೋಡುವವರು ಡೌನ್‌ಲಿಂಕಿನಲ್ಲೇ ಕಾರಣ ಹುಡುಕುತ್ತಾ ಕೂರುತ್ತಾರೆ. ಅದಕ್ಕೇ ಹೆಚ್ಚು ಹೊತ್ತು ಕೂರುವವರನ್ನು 11ರಿಂದ ಕೆಳಕ್ಕೆ ಒತ್ತೊತ್ತಾಗಿ ತುಂಬಿಸಿ ಅನ್ನುವುದು ನನ್ನ ಖಚಿತ ಅಭಿಪ್ರಾಯ.

3.75 ಕಿಲೋಹರ್ಟ್ಸ್‌ನ ಟೋನ್ ಕೂಡ ಇದೆ. ಸಮಯ ನಾಲ್ಕು ಪಟ್ಟು ಜಾಸ್ತಿ. ನಿಜವಾಗಿಯೂ ಬೇಕಾದಾಗ ಮಾತ್ರ ಬಳಸುತ್ತೇನೆ.

ಡೌನ್‌ಲಿಂಕಿನ ಕಷ್ಟ ಬೇರೆ. ಅಲ್ಲಿ ಟೋನ್ ಹಂಚುವ ಮಾತೇ ಇಲ್ಲ, ಒಂದು ಸಬ್‌ಫ್ರೇಮ್‌ನ (ಒಂದು ಮಿಲಿಸೆಕೆಂಡಿನ) ಡೇಟಾ ಪೂರ್ತಿ ಒಂದೇ ಸಾಧನಕ್ಕೆ. 20 ಸಬ್‌ಫ್ರೇಮ್‌ಗಳಲ್ಲಿ ಕನಿಷ್ಠ 5 ಸಿಂಕ್ (ಸಮಯ ಹೊಂದಿಸುವುದು) ಮತ್ತು ಬ್ರಾಡ್‌ಕಾಸ್ಟಿಗೇ (ಎಲ್ಲರಿಗೂ ಸಾರುವ ಮಾಹಿತಿ) ಹೋಗಿರುತ್ತವೆ. ಉಳಿದಿದ್ದರಲ್ಲಿ ದುರ್ಬಲ ಸಾಧನಕ್ಕೆ ನೂರಾರು ರಿಪಿಟಿಷನ್ ಶುರುವಾದರೆ ಮಿಕ್ಕವರೆಲ್ಲ ಬಾಯಿ ಮುಚ್ಚಿಕೊಂಡು ಕಾಯಬೇಕು. ಇದಕ್ಕೆಂದೇ ಸ್ಟ್ಯಾಂಡರ್ಡ್‌ನಲ್ಲಿ ಡೌನ್‌ಲಿಂಕ್ ಗ್ಯಾಪ್ ಇಟ್ಟಿದ್ದಾರೆ. ಉದ್ದದ ಸಂದೇಶ ಆಗಾಗ ನಿಂತು ದಾರಿ ಬಿಡುತ್ತದೆ. ಅದನ್ನು ಸುಮ್ನೆ ಆಫ್ ಮಾಡಿಟ್ಟ ಕಾನ್ಫಿಗರೇಷನ್ ಕಂಡರೆ ನನಗೆ ತಡೆಯಲಾಗುವುದಿಲ್ಲ, ಯಾಕೆ ಅಂತ ಕೇಳಿಯೇ ಕೇಳುತ್ತೇನೆ.

ಈಗ ನಮ್ಮ ಟೆಸ್ಟ್ ಹೀಗಿದೆ. ದೂರದ ಒಂದೆರಡು ಸಾಧನ, ಹತ್ತಿರದ ಹಲವು, ಎಲ್ಲವನ್ನೂ ಒಟ್ಟಿಗೆ ಓಡಿಸುತ್ತೇವೆ. ಸೆಕೆಂಡಿಗೆ ಎಷ್ಟು ಬಿಟ್ ಹೋಯಿತು ಅನ್ನುವುದನ್ನು ಆಮೇಲೆ ನೋಡುತ್ತೇವೆ. ಹತ್ತಿರದ ಸಾಧನಗಳು ತಮ್ಮ ಮೊದಲ ಗ್ರಾಂಟಿಗೆ ಎಷ್ಟು ಹೊತ್ತು ಕಾದವು, ಕಾಯುವಾಗ ಯಾವ ಟೋನ್‌ಗಳು ಖಾಲಿ ಇದ್ದವು, ಮೊದಲು ತೆಗೆದು ನೋಡುವುದು ಆ ಎರಡನ್ನು.